ಎಣ್ಣೆ ನೀರಿನ ಗಡಿಯಲ್ಲಿ ಒಂದು ಲೆಕ್ಕ

ಭಾಗ 1/10
ಫೋಟೋ: ಅಡುಗೆಮನೆಯ ಗಾಜಿನ ಲೋಟ

ಈ ಫೋಟೋದಲ್ಲಿ ವಿಶೇಷ ಎಂತದ್ದೂ ಇಲ್ಲ. ಒಂದು ಗಾಜಿನ ಲೋಟ, ಅರ್ಧ ನೀರು, ಮೇಲೆ ಎರಡು ಬೆರಳಿನಷ್ಟು ತೆಂಗಿನೆಣ್ಣೆ. ಒಳಗೆ ಒಂದು ಚಮಚ ಉಪ್ಪು, ಒಂದು ಚಿಟಿಕೆ ಅರಶಿನ. ಚೆನ್ನಾಗಿ ಕಲಸಿ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು ತೆಗೆದದ್ದು.

ಈಗ ಜೂಮ್ ಮಾಡಿ ನೋಡಿ. ಹಳದಿ ಬಣ್ಣ ಹೆಚ್ಚಾಗಿ ಎಣ್ಣೆಗೆ ಹೋಗಿದೆ. ಉಪ್ಪು ಕಾಣುವುದಿಲ್ಲ, ಆದರೆ ಅದು ಪೂರ್ತಿ ಕೆಳಗಿನ ನೀರಲ್ಲೇ ಉಂಟು. ಯಾರೂ ಹೇಳಿಕೊಡದೆ ಇಬ್ಬರೂ ತಮ್ಮ ತಮ್ಮ ಕಡೆ ಸೇರಿಕೊಂಡಿದ್ದಾರೆ. ನಡುವೆ ಒಂದು ಗೆರೆ. ಆ ಗೆರೆಗೆ ಗೋಡೆ ಇಲ್ಲ, ಬೇಲಿ ಇಲ್ಲ. ಆದರೂ ಉಪ್ಪು ಅದನ್ನು ತಾನಾಗಿ ದಾಟುವುದಿಲ್ಲ.

ದಾಟುವಂತೆ ಮಾಡಿದರೆ? ದಾಟಿದ್ದನ್ನು ಎಣಿಸಿದರೆ?

ಈ ಪ್ರಶ್ನೆಯ ಮೇಲೆ ಒಂದು ಇಡೀ ವಿಜ್ಞಾನ ನಿಂತಿದೆ ಮಾರ್ರೆ. ನಮ್ಮ ತಲೆಯೊಳಗೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕಳಿಸುವಾಗ ಬಿಡುವ ರಾಸಾಯನಿಕಗಳುಂಟಲ್ಲ, ಡೋಪಮೈನ್, ಸೆರೊಟೋನಿನ್, ಅಸಿಟೈಲ್‌ಕೋಲಿನ್ ಅಂತ, ಅವನ್ನು ಇಂಥದ್ದೇ ಒಂದು ಎಣ್ಣೆ–ನೀರಿನ ಗಡಿಯಲ್ಲಿ ಕರೆಂಟಿನ ಸಹಾಯದಿಂದ ಎಣಿಸುತ್ತಾರೆ.

ನಾನು ಬಿಕಾಂ. ಕೆಮಿಸ್ಟ್ರಿ ಬಿಟ್ಟದ್ದು ಹತ್ತನೇ ಕ್ಲಾಸಿಗೇ. ಹಾಗಾದರೆ ನಿನಗೆ ಯಾಕೆ ಇದೆಲ್ಲ ಅಂತ ಕೇಳಿದರೆ, ಮುಂದಿನ ಫೋಟೋ ನೋಡಿ.

ಭಾಗ 2/10
ಫೋಟೋ: ಅಜ್ಜಿಯ ಬೀಡಿ ಪುಸ್ತಕ

ನಮ್ಮ ಪಡುಬಿದ್ರಿ ಕಡೆ ಬೀಡಿ ಕಟ್ಟದ ಮನೆ ಒಂದು ಕಾಲದಲ್ಲಿ ಕಡಿಮೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರುವುದು, ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟು ಕೂತು ಕಟ್ಟುವುದು, ಕಟ್ಟಿದ್ದನ್ನು ಪುನಃ ಬ್ರಾಂಚಿಗೆ ಕೊಡುವುದು. ಎಷ್ಟು ತಂದದ್ದು, ಎಷ್ಟು ಕೊಟ್ಟದ್ದು, ಎಷ್ಟು ಸರಿ ಇಲ್ಲವೆಂದು ತೆಗೆದದ್ದು, ಎಲ್ಲ ಒಂದು ಪುಸ್ತಕದಲ್ಲಿ. ನನ್ನ ಅಮ್ಮನ ಫೀಸು ಕಟ್ಟಿದ್ದು ಈ ಪುಸ್ತಕ. ನನ್ನ ಮೊದಲ ಸೈಕಲ್ಲು ಕೂಡ.

ಅಜ್ಜಿ ದಿನಕ್ಕೆ 800 ಬೀಡಿ ಆರಾಮಾಗಿ ಕಟ್ಟುತ್ತಿದ್ದರು. ಟಿವಿ ನೋಡುತ್ತಾ, ಮಾತಾಡುತ್ತಾ, ಕೈ ನೋಡದೆಯೇ. ಪುಸ್ತಕ ತಿರುಗಿಸಿದರೆ ಆ ಸಂಖ್ಯೆ ಇಳಿಯುವುದು ಕಾಣುತ್ತದೆ. 800, 750, 700. ಮತ್ತೆ 600. ಒಂದೂವರೆ ವರ್ಷದಲ್ಲಿ 450. ಸರಿ ಇಲ್ಲವೆಂದು ತೆಗೆದ ಬೀಡಿಗಳ ಸಂಖ್ಯೆ ಮಾತ್ರ ಏರುತ್ತಾ ಹೋಗಿದೆ. ಸುತ್ತು ಸಡಿಲ, ನೂಲು ಸರಿ ಇಲ್ಲ ಅಂತ.

ಪ್ರಾಯ ಆಯಿತಲ್ಲ ಅಂದರು ಎಲ್ಲರೂ. ಅಜ್ಜಿ ಮಾತ್ರ ಒಂದೇ ಮಾತು ಹೇಳುತ್ತಿದ್ದರು, “ಕೈ ಕೇನುಜಿ ಮಗಾ.” ಕೈ ಮಾತು ಕೇಳುವುದಿಲ್ಲ ಅಂತ.

ಬಲಗೈ ಸುಮ್ಮನೆ ಇಟ್ಟಾಗಲೂ ನಡುಗಲಿಕ್ಕೆ ಶುರುವಾದ ಮೇಲೆ ಉಡುಪಿಗೆ ಕರೆದುಕೊಂಡು ಹೋದದ್ದು. ಡಾಕ್ಟರು ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಲು ಹೇಳಿದರು. ಮೊಣಗಂಟು ಮಡಚಿ ನೋಡಿದರು. ಹತ್ತು ಹೆಜ್ಜೆ ನಡೆಸಿದರು, ತಿರುಗಿಸಿದರು. ಆಮೇಲೆ ಹೇಳಿದರು, ಪಾರ್ಕಿನ್ಸನ್.

ನಾನು ಕೇಳಿದೆ, “ಸರ್, ಬ್ಲಡ್ ಟೆಸ್ಟ್?” ಅವರು ಹೇಳಿದರು, ಇದಕ್ಕೆ ಬ್ಲಡ್ ಟೆಸ್ಟ್ ಇಲ್ಲ, ಕಣ್ಣಲ್ಲಿ ನೋಡಿಯೇ ಹೇಳುವುದು. ದೊಡ್ಡ ಆಸ್ಪತ್ರೆಗಳಲ್ಲಿ ಕೆಲವು ಸ್ಕ್ಯಾನ್ ಉಂಟು, ಸಂಶಯ ಇದ್ದರೆ ಮಾತ್ರ ಮಾಡಿಸುವುದು ಅಂತ.

ಸಕ್ಕರೆ ಕಾಯಿಲೆಗೆ ಬೆರಳು ಚುಚ್ಚಿ ನೋಡುವ ಮೆಷಿನ್ ಮನೆಯಲ್ಲೇ ಉಂಟು. ಬಿಪಿಗೆ ಪಟ್ಟಿ ಉಂಟು. ಅಜ್ಜಿಯ ಕೈ ಯಾಕೆ ಮಾತು ಕೇಳುವುದಿಲ್ಲ ಅಂತ ಅಳೆಯಲು ನಮ್ಮ ಹತ್ತಿರ ಇದ್ದದ್ದು ಒಂದು ಬೀಡಿ ಪುಸ್ತಕ ಮಾತ್ರ.

ಭಾಗ 3/10
ಫೋಟೋ: ಮಾತ್ರೆ ಡಬ್ಬಿ, ಪಕ್ಕದಲ್ಲಿ ಬಂಗುಡೆ ಸಾರು

ಮಿದುಳಿನ ಆಳದಲ್ಲಿ ಕಪ್ಪು ಬಣ್ಣದ ಒಂದು ಪುಟ್ಟ ಜಾಗ ಉಂಟು. ಅಲ್ಲಿಯ ಕೋಶಗಳು ಡೋಪಮೈನ್ ಮಾಡುತ್ತವೆ. ಕೈ ಕಾಲಿನ ಚಲನೆ ನಯವಾಗಿ ಆಗಬೇಕಾದರೆ ಅದು ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ನಿಧಾನಕ್ಕೆ ಸಾಯುತ್ತವೆ. ಕೈ ನಡುಗಿ ನಮಗೆ ಗೊತ್ತಾಗುವ ಹೊತ್ತಿಗೆ ದೊಡ್ಡ ಪಾಲು ಹೋಗಿಯಾಗಿರುತ್ತದೆ.

ಹಾಗಾದರೆ ಡೋಪಮೈನನ್ನೇ ಮಾತ್ರೆ ಮಾಡಿ ಕೊಟ್ಟರೆ ಆಯಿತಲ್ಲ? ಆಗುವುದಿಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಗಡಿ ಉಂಟು, ಡೋಪಮೈನ್ ಅದನ್ನು ದಾಟುವುದಿಲ್ಲ. ಅದರ ಹಿಂದಿನ ರೂಪ ಲೆವೊಡೋಪಾ ದಾಟುತ್ತದೆ. ಅದಕ್ಕೇ ಅಜ್ಜಿಯ ಮಾತ್ರೆಯಲ್ಲಿ ಇರುವುದು ಲೆವೊಡೋಪಾ, ಜೊತೆಗೆ ಕಾರ್ಬಿಡೋಪಾ. ಲೆವೊಡೋಪಾ ಹೊರಗೇ ಡೋಪಮೈನ್ ಆಗಿಬಿಡದಂತೆ ನೋಡಿಕೊಳ್ಳುವುದು ಈ ಎರಡನೆಯದರ ಕೆಲಸ.

ಈ ಲೆವೊಡೋಪಾ ನಮ್ಮ ಗುಡ್ಡೆಯಲ್ಲೂ ಉಂಟು ಗೊತ್ತುಂಟಾ? ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿಯ ಬೀಜದಲ್ಲಿ. 1937ರಲ್ಲೇ ಅದನ್ನು ಆ ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಹಾಗಂತ ಯಾರೂ ಗುಡ್ಡೆ ಹತ್ತಬೇಡಿ, ಪ್ರಮಾಣ ತಪ್ಪಿದರೆ ಅಪಾಯ.

ಈಗ ಬಂಗುಡೆ ಸಾರಿನ ವಿಷಯ. ಲೆವೊಡೋಪಾ ಗಡಿ ದಾಟುವ ಬಾಗಿಲಿನಲ್ಲೇ ಮೀನು, ಮೊಟ್ಟೆ, ಬೇಳೆಯ ಪ್ರೋಟೀನಿನಿಂದ ಬರುವ ತುಂಡುಗಳೂ ದಾಟುವುದು. ಬಾಗಿಲು ಅದೇ, ಜನ ಜಾಸ್ತಿ. ಮೀನು ಊಟದ ಜೊತೆಗೇ ಮಾತ್ರೆ ನುಂಗಿದರೆ ಲೆವೊಡೋಪಾ ಕ್ಯೂನಲ್ಲಿ ಹಿಂದೆ ಬೀಳುತ್ತದೆ. ಡಾಕ್ಟರು ಊಟಕ್ಕೆ ಮುಂಚೆ ತೆಗೆದುಕೊಳ್ಳಿ ಅಂದದ್ದು ಅದಕ್ಕೆ. ಇದು ಗೊತ್ತಾದ ಮೇಲೆ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಅರ್ಧ ಗಂಟೆ ಮುಂದೆ ಹೋಯಿತು, ಮಧ್ಯಾಹ್ನದ ಮೇಲೆ ಅಜ್ಜಿ ಕುರ್ಚಿಯಿಂದ ತಾನೇ ಏಳಲಿಕ್ಕೆ ಶುರು ಮಾಡಿದರು.

ಅವತ್ತಿನಿಂದ ನನಗೆ ಈ “ಗಡಿ ದಾಟುವುದು” ತಲೆಯಲ್ಲಿ ಕೂತುಬಿಟ್ಟಿತು.

ಭಾಗ 4/10
ಫೋಟೋ: ತಡ್ಪೆಯಲ್ಲಿ ಉಳಿದ ಹೊಗೆಸೊಪ್ಪು

ಮಾತ್ರೆ ಡಬ್ಬಿಯಲ್ಲಿ ಕೆಲವು ವಾರ ಇನ್ನೊಂದು ಮಾತ್ರೆಯೂ ಇತ್ತು. ನಡುಕಕ್ಕೆ ಅಂತ ಕೊಟ್ಟದ್ದು. ಅದು ಡೋಪಮೈನ್ ಹೆಚ್ಚಿಸುವುದಿಲ್ಲ, ಅಸಿಟೈಲ್‌ಕೋಲಿನ್‌ನ ಕೆಲಸವನ್ನು ತಗ್ಗಿಸುತ್ತದೆ. ಚಲನೆ ನೋಡಿಕೊಳ್ಳುವ ಜಾಗದಲ್ಲಿ ಇವೆರಡೂ ತಕ್ಕಡಿಯ ಎರಡು ತಟ್ಟೆಯ ಹಾಗೆ. ಒಂದು ಕಡೆ ಡೋಪಮೈನ್ ಕಡಿಮೆಯಾದರೆ ಇನ್ನೊಂದು ಕಡೆಯ ಅಸಿಟೈಲ್‌ಕೋಲಿನ್‌ನದ್ದೇ ಮೇಲುಗೈ.

ನಡುಕ ಸ್ವಲ್ಪ ಕಡಿಮೆ ಆಯಿತು. ಆದರೆ ಅಜ್ಜಿಯ ಬಾಯಿ ಒಣಗಲು ಶುರುವಾಯಿತು. ಒಂದು ರಾತ್ರಿ ನನ್ನನ್ನು ನೋಡಿ, ತೀರಿಹೋದ ಅವರ ತಂಗಿಯ ಹೆಸರಿನಲ್ಲಿ ಕರೆದರು. ಬ್ರಾಂಚಿಗೆ ಹೋಗಬೇಕು, ಹೊತ್ತಾಯಿತು ಎಂದು ಬಾಗಿಲಲ್ಲಿ ನಿಂತರು. ರಾತ್ರಿ ಎರಡು ಗಂಟೆ. ಬೆಳಿಗ್ಗೆಯೇ ಫೋನ್ ಮಾಡಿದೆವು, ಡಾಕ್ಟರು ಆ ಮಾತ್ರೆ ನಿಲ್ಲಿಸಿದರು. ಪ್ರಾಯದವರಲ್ಲಿ ಹೀಗೆ ಆಗುವುದುಂಟು ಅಂದರು, ಯಾಕೆಂದರೆ ನೆನಪಿಗೂ ಅಸಿಟೈಲ್‌ಕೋಲಿನ್ ಬೇಕು. ಕೆಲವು ದಿನದಲ್ಲಿ ಅಜ್ಜಿಗೆ ನನ್ನ ಹೆಸರು ಪುನಃ ಸಿಕ್ಕಿತು.

ಈ ಅಸಿಟೈಲ್‌ಕೋಲಿನ್ ಸಿಕ್ಕಿದ ಕಥೆ ಚಂದ ಉಂಟು. 1921ರಲ್ಲಿ ಆಸ್ಟ್ರಿಯಾದ ಓಟೊ ಲೋವಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಲ್ಲಿ ಇಟ್ಟರು. ಒಂದರ ನರಕ್ಕೆ ಕರೆಂಟು ಕೊಟ್ಟು ಬಡಿತ ನಿಧಾನ ಮಾಡಿದರು. ಆ ನೀರನ್ನು ಮಾತ್ರ ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಅಂದರೆ ಸುದ್ದಿ ಹೋಗುವುದು ಬರೀ ಕರೆಂಟಿನಲ್ಲಲ್ಲ, ನೀರಲ್ಲಿ ಕರಗಿದ ಒಂದು ವಸ್ತುವಿನಲ್ಲಿ. ಆ ವಸ್ತುವೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಇಂಗ್ಲೆಂಡಿನ ಹೆನ್ರಿ ಡೇಲ್ ಇಬ್ಬರಿಗೂ ನೊಬೆಲ್ ಬಂತು.

ಡೇಲ್ 1914ರಲ್ಲೇ ಗಮನಿಸಿದ್ದರು, ಅಸಿಟೈಲ್‌ಕೋಲಿನ್ ಮಾಡುವ ಕೆಲವು ಕೆಲಸ ನಿಕೋಟಿನ್ ಮಾಡುವ ಹಾಗೆಯೇ ಇದೆ ಅಂತ. ಇವತ್ತಿಗೂ ಅದರ ಒಂದು ಬಗೆಯ ಗ್ರಾಹಕಕ್ಕೆ ನಿಕೋಟಿನ್ ಹೆಸರೇ. ನಿಕೋಟಿನ್ ಎಲ್ಲಿ ಉಂಟು? ಫೋಟೋದಲ್ಲಿರುವ ಈ ತಡ್ಪೆಯಲ್ಲಿ. ಅಜ್ಜಿ ನಲವತ್ತು ವರ್ಷ ಮಡಿಲಲ್ಲಿ ಇಟ್ಟುಕೊಂಡು ಕೂತದ್ದು ಇದರ ವೇಷ ಹಾಕಬಲ್ಲ ವಸ್ತುವನ್ನೇ.

ಭಾಗ 5/10
ಫೋಟೋ: ಪೆನ್ಸಿಲಿನ ಸೀಸ

ಸರಿ, ಎಣಿಸುವುದು ಹೇಗೆ? ಎಂಎಸ್ಸಿ ಕೆಮಿಸ್ಟ್ರಿ ಓದುವ ನನ್ನ ದೊಡ್ಡಮ್ಮನ ಮಗಳ ಹತ್ತಿರ ಕೇಳಿದೆ. “ಅಕ್ಕ, ಡೋಪಮೈನ್ ಎಷ್ಟುಂಟು ಅಂತ ಹೇಗೆ ನೋಡುವುದು?” ಅವಳು ಪೆನ್ಸಿಲ್ ಎತ್ತಿ ತೋರಿಸಿದಳು.

ಪೆನ್ಸಿಲಿನಲ್ಲಿ ಇರುವುದು ಗ್ರಾಫೈಟ್, ಅಂದರೆ ಇಂಗಾಲ. ಇಂಗಾಲದ ತುದಿಗೆ ಸರಿಯಾದ ವೋಲ್ಟೇಜ್ ಕೊಟ್ಟು ಡೋಪಮೈನ್ ಇರುವ ದ್ರಾವಣದಲ್ಲಿ ಮುಳುಗಿಸಿದರೆ, ಒಂದೊಂದು ಡೋಪಮೈನ್ ಅಣುವೂ ಎರಡೆರಡು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಆ ಎಲೆಕ್ಟ್ರಾನುಗಳ ಹರಿವೇ ಕರೆಂಟು. ಕರೆಂಟು ಎಷ್ಟು ಅಂತ ನೋಡಿದರೆ ಡೋಪಮೈನ್ ಎಷ್ಟು ಅಂತ ಗೊತ್ತಾಗುತ್ತದೆ.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆಡಮ್ಸ್ 1958ರಲ್ಲಿ ಗ್ರಾಫೈಟ್ ಪುಡಿಯನ್ನು ಎಣ್ಣೆಯಂಥ ದ್ರವದಲ್ಲಿ ಕಲಸಿ ವಿದ್ಯುದ್ವಾರ ಮಾಡಬಹುದು ಅಂತ ತೋರಿಸಿದರು. 1973ರಲ್ಲಿ ಅವರ ತಂಡ ಇಲಿಯ ಮಿದುಳಿನೊಳಗೇ ಪುಟ್ಟ ಇಂಗಾಲದ ವಿದ್ಯುದ್ವಾರ ಇಟ್ಟು ಅಳೆಯಲು ಹೊರಟಿತು.

ಈ ಕೆಲಸ ನಮ್ಮ ರಾಜ್ಯದಲ್ಲೂ ನಡೆಯುತ್ತದೆ. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಪ್ರೊ. ಬಿ. ಇ. ಕುಮಾರಸ್ವಾಮಿ ಅವರ ತಂಡ ಇದನ್ನೇ ವರ್ಷಗಟ್ಟಲೆ ಮಾಡಿದೆ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ ಜೆ. ಜಿ. ಮಂಜುನಾಥ ಅವರೂ ಡೋಪಮೈನ್ ಪತ್ತೆಗೆ ಇಂಥ ವಿದ್ಯುದ್ವಾರಗಳನ್ನು ಮಾಡಿದ್ದಾರೆ. ವಿಧಾನ ಕೇಳಿದರೆ ಅಡುಗೆಮನೆ ನೆನಪಾಗುತ್ತದೆ. 70 ಭಾಗ ಗ್ರಾಫೈಟ್ ಪುಡಿ, 30 ಭಾಗ ಸಿಲಿಕೋನ್ ಎಣ್ಣೆ. ಪುಟ್ಟ ಕಲ್ಲಿನ ಕುಟ್ಟಾಣಿಯಲ್ಲಿ ಕೈಯಿಂದಲೇ ಅರೆದು, ಸಣ್ಣ ಕೊಳವೆಗೆ ತುಂಬಿ, ಕಾಗದದ ಮೇಲೆ ಉಜ್ಜಿ ನಯ ಮಾಡುವುದು.

ತೊಂದರೆ ಎರಡು. ಒಂದು, ಮಿದುಳಿನಲ್ಲಿ ವಿಟಮಿನ್ ಸಿ ಡೋಪಮೈನ್‌ಗಿಂತ ಎಷ್ಟೋ ಪಟ್ಟು ಹೆಚ್ಚು, ಅದೂ ಹತ್ತಿರ ಹತ್ತಿರ ಅದೇ ವೋಲ್ಟೇಜಿನಲ್ಲಿ ಎಲೆಕ್ಟ್ರಾನ್ ಬಿಡುತ್ತದೆ. ಇಬ್ಬರ ಖಾತೆ ಬೆರೆತುಹೋಗುತ್ತದೆ. ಅದನ್ನು ಬೇರೆ ಮಾಡಲಿಕ್ಕೇ ಇಂಗಾಲದ ಮೇಲೆ ಬೇರೆ ಬೇರೆ ಲೇಪ ಹಾಕುವುದು. ಎರಡು, ಎಲೆಕ್ಟ್ರಾನ್ ಬಿಟ್ಟ ಅಣುಗಳು ತುದಿಗೆ ಕಿಟ್ಟದ ಹಾಗೆ ಅಂಟಿಕೊಳ್ಳುತ್ತವೆ. ಸೆರೊಟೋನಿನ್ ಅಂತೂ ಇನ್ನೂ ಜೋರು.

ಭಾಗ 6/10
ಫೋಟೋ: ಅಕ್ಕನ ನೋಟ್‌ಬುಕ್ಕಿನ ಒಂದು ಪುಟ

“ಹಾಗಾದರೆ ಅಸಿಟೈಲ್‌ಕೋಲಿನ್?” ಅಂತ ಕೇಳಿದೆ. ಅಜ್ಜಿಯ ಆ ರಾತ್ರಿ ನನ್ನ ತಲೆಯಲ್ಲಿತ್ತು.

ಅಕ್ಕ ಹೇಳಿದಳು, “ಅದು ಇಂಗಾಲಕ್ಕೆ ಬಗ್ಗುವುದಿಲ್ಲ ಮಾರಾಯ್ತಿ. ಎಲೆಕ್ಟ್ರಾನ್ ಕೊಡುವುದೇ ಇಲ್ಲ.”

ಇದು ನನಗೆ ದೊಡ್ಡ ವಿಷಯ ಅನ್ನಿಸಿತು. ಮನುಷ್ಯರಿಗೆ ಮೊದಲು ಗೊತ್ತಾದ ಸುದ್ದಿವಾಹಕವೇ ಅದು. ಆದರೆ ನೇರವಾಗಿ ಎಣಿಸಲು ಹೋದರೆ ಕೈಗೆ ಸಿಗುವುದಿಲ್ಲ. ಕಿಣ್ವ ಅಂಟಿಸಿದ ಸೆನ್ಸರ್‌ಗಳಿವೆ. ಅಸಿಟೈಲ್‌ಕೋಲಿನನ್ನು ಒಡೆದು, ಒಡೆದದ್ದನ್ನು ಇನ್ನೊಂದು ಮಾಡಿ, ಕೊನೆಗೆ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯುವುದು. ನಡುವೆ ಇಬ್ಬರು ಏಜೆಂಟರು ಇದ್ದ ಹಾಗೆ. ಕೆಲಸ ಆಗುತ್ತದೆ, ಆದರೆ ತಡ ಆಗುತ್ತದೆ.

ಅಸಿಟೈಲ್‌ಕೋಲಿನ್ ಹತ್ತಿರ ಬೇರೆ ಒಂದು ಗುರುತು ಉಂಟು. ಅದರ ಮೈಮೇಲೆ ಯಾವಾಗಲೂ ಒಂದು ಧನ ಆವೇಶ. ಪ್ಲಸ್ ಗುರುತು ಇರುವ ಬಿಲ್ಲೆ ಕುತ್ತಿಗೆಗೆ ಹಾಕಿಕೊಂಡು ತಿರುಗಿದ ಹಾಗೆ. ಅದರ ಹತ್ತಿರ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಬೇಡ. ಅದನ್ನೇ, ಇಡೀ ಅಣುವನ್ನೇ, ಒಂದು ಗಡಿ ದಾಟಿಸಿದರೆ ಸಾಕು. ಆವೇಶ ಇರುವ ವಸ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದೇ ಕರೆಂಟು ಅಲ್ವಾ?

ಯಾವ ಗಡಿ? ಮೊದಲ ಫೋಟೋದ್ದು. ಎಣ್ಣೆ ಮತ್ತು ನೀರಿನ ಗಡಿ.

ಇದು ಹೊಸ ಯೋಚನೆ ಅಲ್ಲ. 1902ರಲ್ಲೇ ಜರ್ಮನಿಯ ವಾಲ್ಟರ್ ನರ್ನ್ಸ್ಟ್ ಮತ್ತು ರೀಸನ್‌ಫೆಲ್ಡ್ ನೀರು ಮತ್ತು ಫಿನಾಲ್ ನಡುವಿನ ಗಡಿಯಲ್ಲಿ ಕರೆಂಟು ಹರಿಸಿ ನೋಡಿದ್ದರು. ಜೀವಕೋಶದ ಪೊರೆಯೂ ಎಣ್ಣೆಯಂಥದ್ದೇ, ಎರಡೂ ಕಡೆ ಉಪ್ಪುನೀರು. ಹಾಗಾಗಿ ನರ ಕೆಲಸ ಮಾಡುವುದು ಅರ್ಥವಾಗಬೇಕಾದರೆ ಈ ಗಡಿ ಅರ್ಥವಾಗಬೇಕು. 1970ರ ದಶಕದಲ್ಲಿ ಪ್ರಾಗ್‌ನಲ್ಲಿ ಇರ್ಜಿ ಕೊರಿಟಾ, ಸಾಮೆಟ್ಸ್ ಮತ್ತು ಜೊತೆಗಾರರು ಇದನ್ನು ಅಳತೆಯ ವಿಜ್ಞಾನವಾಗಿ ನಿಲ್ಲಿಸಿದರು. ಅದೇ ಊರಲ್ಲಿ ಹೆಯ್ರೊವ್‌ಸ್ಕಿ ಪಾದರಸದ ಹನಿ ಬೀಳಿಸಿ ಅಳೆಯುವ ವಿಧಾನ ಕಂಡುಹಿಡಿದು 1959ರಲ್ಲಿ ನೊಬೆಲ್ ಪಡೆದಿದ್ದರು. ಕೊರಿಟಾ ಪಾದರಸದ ಬದಲು ಉಪ್ಪಿನ ದ್ರಾವಣದ ಹನಿಯನ್ನೇ ಇನ್ನೊಂದು ದ್ರವದೊಳಗೆ ಬೀಳಿಸಿದರು.

ಭಾಗ 7/10
ಫೋಟೋ: ಹೆಜಮಾಡಿ ಟೋಲ್, ಬಸ್ಸಿನ ಕಿಟಕಿಯಿಂದ

ಇದನ್ನು ನನಗೆ ನಾನೇ ಅರ್ಥ ಮಾಡಿಸಿಕೊಂಡದ್ದು ಕಾಲೇಜಿಗೆ ಹೋಗುವಾಗ, ನಮ್ಮ ಹೆದ್ದಾರಿ 66ರ ಹೆಜಮಾಡಿ ಟೋಲ್ ನೋಡಿ.

ಟೋಲ್‌ನಲ್ಲಿ ಕಾರಿಗೆ ಒಂದು ದರ, ಬಸ್ಸಿಗೆ ಒಂದು, ದೊಡ್ಡ ಲಾರಿಗೆ ಇನ್ನೊಂದು. ನೀವು ಗಾಡಿ ನೋಡದೆ, ಬರೀ ದರಪಟ್ಟಿ ಮತ್ತು ಸಂಗ್ರಹದ ಲೆಕ್ಕ ನೋಡಿದರೂ ಹೇಳಬಹುದು, ಇವತ್ತು ಇಷ್ಟು ಲಾರಿ ದಾಟಿದೆ, ಇಷ್ಟು ಕಾರು ಅಂತ. ಯಾವ ದರ ಅನ್ನುವುದು ಯಾರು ಅಂತ ಹೇಳುತ್ತದೆ. ಒಟ್ಟು ಎಷ್ಟು ಅನ್ನುವುದು ಎಷ್ಟು ಜನ ಅಂತ ಹೇಳುತ್ತದೆ.

ಎಣ್ಣೆ–ನೀರಿನ ಗಡಿಯಲ್ಲಿ ದರ ಅಂದರೆ ವೋಲ್ಟೇಜ್. ನೀರನ್ನು ತುಂಬಾ ಪ್ರೀತಿಸುವ ಉಪ್ಪಿನ ಸೋಡಿಯಂ ಅಯಾನನ್ನು ಎಣ್ಣೆಗೆ ತಳ್ಳಬೇಕಾದರೆ ದುಬಾರಿ. ಸ್ವಲ್ಪ ಎಣ್ಣೆಯ ಸ್ವಭಾವ ಇರುವ ಅಸಿಟೈಲ್‌ಕೋಲಿನ್‌ಗೆ ಅಷ್ಟು ಬೇಡ. ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತಾ ಹೋಗುವುದು. ಯಾವ ವೋಲ್ಟೇಜಿಗೆ ಕರೆಂಟು ಜಿಗಿಯಿತೋ ಅದು ದಾಟಿದವರ ಗುರುತು. ಎಷ್ಟು ಜಿಗಿಯಿತೋ ಅದು ಪ್ರಮಾಣ. ಮತ್ತೆ ವೋಲ್ಟೇಜ್ ಇಳಿಸಿದರೆ ಅವರು ವಾಪಸ್ ನೀರಿಗೆ ಬರುತ್ತಾರೆ, ಏನೂ ಆಗದ ಹಾಗೆ. ಯಾರನ್ನೂ ಸುಡಲಿಲ್ಲ, ಮುರಿಯಲಿಲ್ಲ. ಬರೀ ದಾಟಿಸಿ ಎಣಿಸಿದ್ದು.

ಮನೆಯ ತೆಂಗಿನೆಣ್ಣೆಯಲ್ಲಿ ಇದು ಆಗುವುದಿಲ್ಲ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಲ್ಯಾಬಿನಲ್ಲಿ ಹೆಚ್ಚಾಗಿ ಬಳಸುವುದು ಡೈಕ್ಲೋರೋಈಥೇನ್ ಅನ್ನುವ ದ್ರವ. ಅದರಲ್ಲಿ ಕರಗುವಂಥ ದೊಡ್ಡ ದೊಡ್ಡ ಅಯಾನುಗಳ ವಿಶೇಷ ಉಪ್ಪು ಹಾಕಿ ಕರೆಂಟಿಗೆ ದಾರಿ ಮಾಡುತ್ತಾರೆ. ಅದು ನೀರಿಗಿಂತ ಭಾರ, ಹಾಗಾಗಿ ನನ್ನ ಲೋಟದ ಉಲ್ಟಾ, ಅಲ್ಲಿ ನೀರು ಮೇಲೆ. ವಿಷ ಕೂಡ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗ ಅಲ್ಲವೇ ಅಲ್ಲ.

ಭಾಗ 8/10
ಫೋಟೋ: ಸಂಜೆ ಪಡುಬಿದ್ರಿ ಬೀಚ್, ಇಳಿತದ ಹೊತ್ತು

ಗಡಿ ಸಿಕ್ಕಿತು. ಆದರೆ ಲೋಟದಷ್ಟು ದೊಡ್ಡ ಗಡಿ ನರಕೋಶದ ಪಕ್ಕ ಇಡಲಿಕ್ಕೆ ಆಗುತ್ತದಾ?

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೇ ಶೆನ್ ಅವರ ತಂಡ ಮಾಡಿದ್ದು ಇದನ್ನೇ. ಸ್ಫಟಿಕ ಶಿಲೆಯ ಕೊಳವೆಯನ್ನು ಲೇಸರಿನಲ್ಲಿ ಕಾಯಿಸಿ ಎಳೆಯುತ್ತಾರೆ. ಬೆಲ್ಲದ ಪಾಕ ಎಳೆದರೆ ನೂಲಿನ ಹಾಗೆ ಬರುತ್ತದಲ್ಲ, ಹಾಗೆ. ತುದಿ ಎಷ್ಟು ಸಣ್ಣ ಅಂದರೆ ನ್ಯಾನೋಮೀಟರಿನಲ್ಲಿ ಅಳೆಯಬೇಕು. ತಲೆಕೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್, ಈ ತುದಿ ಅದರ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಒಳಗೆ ಆ ಎಣ್ಣೆಯಂಥ ದ್ರವ ತುಂಬಿ, ನೀರಿನೊಳಗೆ ಅದ್ದಿದರೆ ತುದಿಯಲ್ಲಿ ಒಂದು ಪುಟ್ಟ ಗಡಿ. 2015ರಲ್ಲಿ ಕೊಲಂಬೊ, ಸ್ವೀಡ್ಲರ್ ಮತ್ತು ಶೆನ್ ಇಂಥ ತುದಿಯಲ್ಲಿ ಅಸಿಟೈಲ್‌ಕೋಲಿನ್, ಸೆರೊಟೋನಿನ್ ಮತ್ತು ಟ್ರಿಪ್ಟಮೈನ್ ದಾಟುವುದನ್ನು ಅಳೆದು ತೋರಿಸಿದರು.

2018ರಲ್ಲಿ ಅದೇ ತಂಡ ಇದನ್ನು ಜೀವಂತ ನರಕೋಶದ ಪಕ್ಕಕ್ಕೆ ಒಯ್ದಿತು. ಯಾರ ನರಕೋಶ? ಸಮುದ್ರದ್ದು! ಏಪ್ಲೀಸಿಯಾ ಅಂತ, ಚಿಪ್ಪು ಹೊರಗೆ ಕಾಣದ ಮೆತ್ತಗಿನ ಬಸವನಹುಳು. ಕಿವಿಯ ಹಾಗೆ ಎರಡು ಕೊಂಬು ಇರುವುದರಿಂದ ಸಮುದ್ರ ಮೊಲ ಅನ್ನುತ್ತಾರೆ. ನಮ್ಮಲ್ಲಿ ಸುಮಾರು 8,600 ಕೋಟಿ ನರಕೋಶ ಇದ್ದರೆ ಅದಕ್ಕೆ ಇರುವುದು 20,000ದ ಆಸುಪಾಸು. ಆದರೆ ಕೆಲವು ಎಷ್ಟು ದೊಡ್ಡವು ಅಂದರೆ ಬರಿಗಣ್ಣಿಗೇ ಕಾಣುತ್ತವೆ. ಇದೇ ಪ್ರಾಣಿಯಲ್ಲಿ ನೆನಪು ಹೇಗೆ ಕೂತುಕೊಳ್ಳುತ್ತದೆ ಅಂತ ನೋಡಿ ಎರಿಕ್ ಕ್ಯಾಂಡೆಲ್ 2000ದಲ್ಲಿ ನೊಬೆಲ್ ಪಡೆದದ್ದು. ಆ ವರ್ಷ ಅವರ ಜೊತೆ ಹಂಚಿಕೊಂಡವರಲ್ಲಿ ಒಬ್ಬರು ಆರ್ವಿಡ್ ಕಾರ್ಲ್‌ಸನ್. 1950ರ ದಶಕದಲ್ಲಿ ಅವರು ರೆಸರ್ಪಿನ್ ಕೊಟ್ಟು ಅಲ್ಲಾಡದಂತಾದ ಮೊಲಗಳಿಗೆ ಡೋಪಾ ಕೊಟ್ಟು ಪುನಃ ಎಬ್ಬಿಸಿದ್ದರು. ಅಜ್ಜಿಯ ಮಾತ್ರೆಯ ಬೇರು ಅಲ್ಲಿದೆ. ಆ ರೆಸರ್ಪಿನ್ ಬಂದದ್ದು ನಮ್ಮ ಸರ್ಪಗಂಧಿಯ ಬೇರಿನಿಂದ.

ಈಗ ನನ್ನ ಸಬ್ಜೆಕ್ಟ್, ಲೆಕ್ಕ. ಇಂಥ ತುದಿಯಲ್ಲಿ ಹರಿಯುವ ಕರೆಂಟನ್ನು ಪಿಕೊ ಆಂಪಿಯರಿನಲ್ಲಿ ಅಳೆಯುವುದು. ಒಂದು ಆಂಪಿಯರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಕಡಿಮೆ ಅನ್ನಿಸಿತಾ? ಒಂದೊಂದು ಆವೇಶದ ಹಾಗೆ ಭಾಗಿಸಿ ನೋಡಿ. ಒಂದು ಪಿಕೊ ಆಂಪಿಯರ್ ಅಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಅಣು ಗಡಿ ದಾಟಿದ ಹಾಗೆ. ಬೀಡಿ ಪುಸ್ತಕದಲ್ಲಿ ಇದನ್ನು ಬರೆಯಲಿಕ್ಕೆ ಕಾಲಮ್ ಸಾಲುವುದಿಲ್ಲ.

ಭಾಗ 9/10
ಫೋಟೋ: ಕಾಮಿನಿ ಹೊಳೆ ಸಮುದ್ರ ಸೇರುವಲ್ಲಿ ಕಟ್ಟಿದ ದೋಣಿ

ಡೋಪಮೈನನ್ನೂ ಈ ಗಡಿ ದಾಟಿಸಬಹುದಾ ಅಂತ ನೀವು ಕೇಳಬಹುದು. ಅದು ಸ್ವಲ್ಪ ಹಠಮಾರಿ. ಅದಕ್ಕೂ ದೇಹದಲ್ಲಿ ಧನ ಆವೇಶ ಇರುತ್ತದೆ, ಆದರೆ ನೀರನ್ನು ಬಿಡಲು ಮನಸ್ಸಿಲ್ಲ.

ಅದಕ್ಕೆ ಒಂದು ದೋಣಿ ಬೇಕು. ಸೇತುವೆ ಇಲ್ಲದ ಕಾಲದಲ್ಲಿ ನಮ್ಮ ಹೊಳೆಗಳಲ್ಲಿ ಕಡವು ಇತ್ತಲ್ಲ, ಹಾಗೆ. ಕ್ರೌನ್ ಈಥರ್ ಅನ್ನುವ ಉಂಗುರದಂಥ ಅಣುವನ್ನು ಎಣ್ಣೆಯ ಕಡೆ ಕರಗಿಸಿ ಇಡುತ್ತಾರೆ. 1967ರಲ್ಲಿ ಚಾರ್ಲ್ಸ್ ಪೆಡರ್ಸನ್ ಇವನ್ನು ಲೋಕಕ್ಕೆ ತಿಳಿಸಿದರು, 1987ರಲ್ಲಿ ನೊಬೆಲ್ ಬಂತು. ಈ ಉಂಗುರ ಗಡಿಯ ಹತ್ತಿರ ಬಂದು ಡೋಪಮೈನ್‌ನ ಆವೇಶದ ತುದಿಯನ್ನು ಹಿಡಿದುಕೊಂಡು ಆಚೆ ಕರೆದೊಯ್ಯುತ್ತದೆ. ಐರ್ಲೆಂಡಿನ ಕಾರ್ಕ್‌ನಲ್ಲಿ ಡೇಮಿಯನ್ ಆರಿಗನ್ ಅವರ ತಂಡ 2005ರ ಸುಮಾರಿಗೆ ಇದನ್ನು ಮಾಡಿತ್ತು.

ಇದರಲ್ಲಿ ಒಂದು ಚಂದದ ಲಾಭ ಉಂಟು. ಇಂಗಾಲದ ತುದಿಯಲ್ಲಿ ತಲೆನೋವು ಕೊಟ್ಟ ವಿಟಮಿನ್ ಸಿ ನೆನಪುಂಟಾ? ಅದರ ಆವೇಶ ಋಣ, ಡೋಪಮೈನ್‌ನದ್ದು ಧನ. ಒಂದನ್ನು ಎಳೆಯುವ ವೋಲ್ಟೇಜ್ ಇನ್ನೊಂದನ್ನು ಹಿಂದೆ ತಳ್ಳುತ್ತದೆ. ಎರಡು ಖಾತೆ ತಾನಾಗಿ ಬೇರೆ ಆಗುತ್ತದೆ.

ಈಗ ನೇರವಾಗಿ ಹೇಳಿಬಿಡುತ್ತೇನೆ, ಯಾರೂ ತಪ್ಪು ಆಸೆ ಇಟ್ಟುಕೊಳ್ಳಬಾರದು. ಇದು ಆಸ್ಪತ್ರೆಯ ಪರೀಕ್ಷೆ ಅಲ್ಲ. ಗಾಜಿನ ತುದಿ ಸುಲಭಕ್ಕೆ ಮುರಿಯುತ್ತದೆ, ಒಳಗಿನ ದ್ರವ ವಿಷ, ನಾನು ಹೇಳಿದ ಕೆಲಸಗಳೆಲ್ಲ ಲ್ಯಾಬಿನ ದ್ರಾವಣದಲ್ಲಿ ಅಥವಾ ಸಮುದ್ರ ಮೊಲದ ಕೋಶದ ಪಕ್ಕದಲ್ಲಿ ಆದದ್ದು. ನನ್ನ ಅಜ್ಜಿಯ ತಲೆಯೊಳಗೆ ಇದನ್ನು ಯಾರೂ ಇಡುವುದಿಲ್ಲ. ಇಡಬಾರದು ಕೂಡ.

ಭಾಗ 10/10
ಫೋಟೋ: ಹೊಸ ನೋಟ್‌ಬುಕ್

ಹಾಗಾದರೆ ಇಷ್ಟೆಲ್ಲ ಯಾಕೆ ಬರೆದೆ?

ಬಿಕಾಂನಲ್ಲಿ ನಮಗೆ ಮೊದಲು ಕಲಿಸುವ ವ್ಯತ್ಯಾಸಗಳಲ್ಲಿ ಒಂದು ಇದು. ಬ್ಯಾಲೆನ್ಸ್ ಶೀಟ್ ಒಂದು ದಿನದ ಚಿತ್ರ, ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಎಷ್ಟು ಸರಕು ಉಂಟು ಅಂತ. ಕ್ಯಾಶ್ ಫ್ಲೋ ಬೇರೆ, ಯಾವಾಗ ಎಷ್ಟು ಬಂತು, ಎಷ್ಟು ಹೋಯಿತು ಅಂತ. ಗೋದಾಮು ತುಂಬಿದ್ದರೂ ಕೈಯಲ್ಲಿ ಕಾಸು ಓಡದೆ ಅಂಗಡಿ ಮುಚ್ಚಬಹುದು.

ಮಿದುಳಿನ ವಿಷಯದಲ್ಲೂ ಹಾಗೆಯೇ ಅಂತ ನನಗೆ ಅರ್ಥವಾಯಿತು. ಸ್ಕ್ಯಾನ್ ತೋರಿಸುವುದು ಗೋದಾಮನ್ನು. ಆದರೆ ಅಜ್ಜಿಗೆ ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿರುತ್ತದೆ, ಹನ್ನೆರಡೂವರೆಗೆ ಕಾಲು ನೆಲಕ್ಕೆ ಅಂಟುತ್ತದೆ, ಮಾತ್ರೆ ತೆಗೆದುಕೊಂಡು ಮುಕ್ಕಾಲು ಗಂಟೆಗೆ ಪುನಃ ಬಿಡುತ್ತದೆ. ಅದು ಹರಿವಿನ ಪ್ರಶ್ನೆ. ಕೋಶದಿಂದ ಎಷ್ಟು, ಯಾವಾಗ, ಎಷ್ಟು ಬೇಗ ಹೊರಬರುತ್ತದೆ ಅನ್ನುವ ಪ್ರಶ್ನೆ. ಆ ಗಾಜಿನ ತುದಿಯವರು ಎಣಿಸಲು ಹೊರಟಿರುವುದು ಅದನ್ನು. ಅಸಿಟೈಲ್‌ಕೋಲಿನ್ ನಿಜವಾಗಿ ಎಷ್ಟು ಬಿಡುಗಡೆ ಆಗುತ್ತದೆ ಅಂತ ಒಂದು ಕೋಶದಲ್ಲಿ ಸರಿಯಾಗಿ ಗೊತ್ತಾಗದೆ, ನಡುಕ ತಗ್ಗಿಸಿ ನೆನಪನ್ನು ಮುಟ್ಟದ ಮಾತ್ರೆ ಮಾಡುವುದು ಕಷ್ಟ. ಯಾವುದೋ ಅಜ್ಜಿ ರಾತ್ರಿ ಎರಡು ಗಂಟೆಗೆ ಮೊಮ್ಮಗಳ ಹೆಸರು ಮರೆಯದೆ ಇರಬೇಕಾದರೆ ಯಾರಾದರೂ ಸಮುದ್ರ ಮೊಲದ ಪಕ್ಕ ಕೂತು ಎಣಿಸಲೇಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಆಗುವುದು ಎಂತದ್ದು? ಬರೆದಿಡುವುದು.

ಫೋಟೋದಲ್ಲಿರುವ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್ ಗೆರೆ ಎಳೆದಿದ್ದೇನೆ. ಮಾತ್ರೆ ತೆಗೆದುಕೊಂಡ ಹೊತ್ತು. ಊಟದ ಹೊತ್ತು ಮತ್ತು ಮೀನೋ ಬೇಳೆಯೋ ಅಂತ. ಕೈ ಕಾಲು ಸಡಿಲ ಆದ ಹೊತ್ತು. ಪುನಃ ಬಿಗಿ ಆದ ಹೊತ್ತು. ಕೊನೆಯಲ್ಲಿ ಸ್ವಲ್ಪ ಜಾಗ, ಗೊಂದಲ, ಬೀಳುವುದು, ನಿದ್ದೆ ಬಗ್ಗೆ. ಹೋದ ಸಲ ಡಾಕ್ಟರಿಗೆ ಎರಡು ವಾರದ ಈ ಪುಟಗಳನ್ನು ತೋರಿಸಿದೆವು. ಅವರು ಬೆರಳು ಇಟ್ಟು ಒಂದೊಂದು ಸಾಲೂ ಓದಿದರು. ದಿನಕ್ಕೆ ಮೂರು ಸಲ ಇದ್ದದ್ದನ್ನು, ಒಟ್ಟು ಪ್ರಮಾಣ ಹಾಗೇ ಇಟ್ಟು, ನಾಲ್ಕು ಸಲ ಮಾಡಿದರು. ಮಧ್ಯಾಹ್ನದ ಆ ಅಂಟು ಈಗ ಕಡಿಮೆ.

ನಿಮ್ಮ ಮನೆಯಲ್ಲೂ ಇಂಥ ಮಾತ್ರೆ ಡಬ್ಬಿ ಇದ್ದರೆ ಎರಡು ಮಾತು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೆಚ್ಚು ಕಡಿಮೆ ಮಾಡಬೇಡಿ, ಅದು ಡಾಕ್ಟರ ಕೆಲಸ. ಆದರೆ ಬರೆದಿಡುವುದು ನಮ್ಮ ಕೆಲಸ, ಅದಕ್ಕೆ ಯಾವ ಡಿಗ್ರಿಯೂ ಬೇಡ. ಮತ್ತೆ, ಮನೆಯಲ್ಲಿ ಯಾರಾದರೂ ಮೊದಲು ಮಾಡುತ್ತಿದ್ದ ಕೈಕೆಲಸ ನಿಧಾನ ಆಗುತ್ತಿದ್ದರೆ, ಹೂ ಕಟ್ಟುವುದೋ, ಬಲೆ ಹೆಣೆಯುವುದೋ, ಅಕ್ಷರ ಸಣ್ಣ ಆಗುವುದೋ, “ಪ್ರಾಯ ಆಯಿತು” ಅಂತ ಅಲ್ಲಿಗೇ ಬಿಡಬೇಡಿ. ಒಮ್ಮೆ ತೋರಿಸಿ.

ನಿಮ್ಮ ಅಜ್ಜ ಅಜ್ಜಿಯ ಕೈ ಯಾವ ಕೆಲಸದಲ್ಲಿ ಪಳಗಿತ್ತು? ಕಾಮೆಂಟಿನಲ್ಲಿ ಬರೆಯಿರಿ, ಅಜ್ಜಿಗೆ ಓದಿ ಹೇಳುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ, ಮಾತ್ರೆಗೂ ಊಟಕ್ಕೂ ನಡುವಿನ ಆ ಅರ್ಧ ಗಂಟೆಯಲ್ಲಿ.

#ಪಡುಬಿದ್ರಿ #ಬೀಡಿಪುಸ್ತಕ #ಪಾರ್ಕಿನ್ಸನ್ #ಎಣ್ಣೆನೀರು #ಬಿಕಾಂಹುಡುಗಿಯವಿಜ್ಞಾನ